ಓವನ್ ಮೀನು ಸರಿ ಆಗ್ತಾ ಇಲ್ವಾ? ಮೊದ್ಲು ಟ್ರೇ ನೋಡಿ

ತವಾದಲ್ಲಿ ಚೆಂದ ಬರುವ ಅದೇ ಮಸಾಲೆ ಅದೇ ಬಂಗುಡೆ, ಓಟಿಜಿಗೆ (ರಾಡ್ ಇರುವ ಸಣ್ಣ ಕರೆಂಟ್ ಓವನ್) ಹಾಕಿದ ಕೂಡ್ಲೆ ಯಾಕೆ ನೀರು ನೀರಾಗಿ, ಬಣ್ಣ ಇಲ್ದೆ, ಬೆಳ್ಳುಳ್ಳಿ ಹಸಿ ವಾಸನೆ ಹೊಡೀತಾ ಹೊರಗೆ ಬರ್ತದೆ ಅಂತ ಮಂಗಳೂರಿಂದ ಬೈಂದೂರು ತನಕ ಎಲ್ಲರದ್ದೂ ಒಂದೇ ಕಂಪ್ಲೇಂಟ್. ಬೈಯುದು ಮೊದ್ಲು ಓವನಿಗೆ, ಮತ್ತೆ ಮೀನು ಕೊಟ್ಟ ಅಕ್ಕನಿಗೆ, ಯಾರೂ ಸಿಗದಿದ್ರೆ ಮಸಾಲೆಗೆ. ಸುಮ್ಮನೆ ಬೈಬೇಡಿ ಮಾರಾಯ್ರೆ. ಹೆಚ್ಚಿನ ಸಲ ಕಿತಾಪತಿ ಮಾಡುದು ನೀರು. ಅದು ಎಲ್ಲಿಂದ ಬಂತು, ಬಂದದ್ದು ಯಾಕೆ ಹೋಗ್ಲಿಲ್ಲ ಅಂತ ಗೊತ್ತಾದ್ರೆ ಅರ್ಧ ರಿಪೇರಿ ಆದ ಹಾಗೆ.

ತವಾದಲ್ಲಿ ಎಂತ ಆಗ್ತದೆ ಅಂದ್ರೆ ಮಸಾಲೆ ನೇರ ಬಿಸಿ ಎಣ್ಣೆಗೆ ತಾಗ್ತದೆ, ಎಣ್ಣೆ 160-170 ಡಿಗ್ರಿ ಇರ್ತದೆ, ನೀರಿನ ಅಂಶ ಚುಂಯ್ ಅಂತ ಆವಿಯಾಗಿ ಕಿಟಕಿಯಿಂದ ಹೊರಗೆ ಹೋಗಿ ಪಕ್ಕದ ಮನೆಯವರಿಗೂ ಇವತ್ತು ಎಂತ ಫ್ರೈ ಅಂತ ಗೊತ್ತಾಗ್ತದೆ. ಓವನಲ್ಲಿ ಬಿಸಿ ಕೊಡುದು ಗಾಳಿ ಮತ್ತೆ ರಾಡ್. ಗಾಳಿ ಎಣ್ಣೆಯಷ್ಟು ಸ್ಪೀಡಲ್ಲಿ ಬಿಸಿ ದಾಟಿಸುದಿಲ್ಲ. ಮಸಾಲೆಯಲ್ಲಿ ನೀರು ಇರುವ ತನಕ ಅದ್ರ ಬಿಸಿ 100 ಡಿಗ್ರಿ ದಾಟುದೇ ಇಲ್ಲ, ಡಯಲ್ ಮೇಲೆ 220 ಅಂತ ಇದ್ರೂ. ಬಾಗಿಲು ಬೇರೆ ಮುಚ್ಚಿರ್ತದೆ, ಆವಿ ಒಳಗೇ ಸುತ್ತುತಾ ಇರ್ತದೆ. ಅಂದ್ರೆ ನೀವು ಬೇಕ್ ಮಾಡ್ತಾ ಇದ್ದೇನೆ ಅಂತ ಎಣಿಸಿದ್ದು ನಿಜವಾಗಿ ಬೇಯಿಸುದು ಅಷ್ಟೇ. ಕೆಳಗೆ ಬರುವ ಮುಕ್ಕಾಲು ಸಮಸ್ಯೆಗೆ ಇದೇ ಬುಡ.

ಹಾಗೆಂತ ತವಾ ಫ್ರೈಗೆ ಸಮ ಆಗ್ತದಾ ಅಂತ ಕೇಳ್ಬೇಡಿ, ಅದು ಬೇರೆ ಇದು ಬೇರೆ. ಆಫೀಸಿಂದ ಬಂದು ಏಳೂವರೆಗೆ ಸ್ಟವ್ ಮುಂದೆ ನಿಂತು ಎಣ್ಣೆ ಹಾರಿಸಿಕೊಳ್ಳದೆ ನಾಲ್ಕು ಮೀನು ಒಟ್ಟಿಗೆ ಆಗ್ಬೇಕು, ಅಷ್ಟರಲ್ಲಿ ಆ ಕಡೆ ಕುಚ್ಚಲಕ್ಕಿ ಅನ್ನ ಬಸಿದು ಒಂದು ಸಾರು ಮಾಡ್ಬಹುದು ಅನ್ನುವವರಿಗೆ ಓವನ್.

ಸರಿಯಾದದ್ದು ಹೇಗಿರ್ತದೆ

ಎಂತ ತಪ್ಪಾಗಿದೆ ಅಂತ ಹುಡುಕುವ ಮೊದ್ಲು ಸರಿಯಾದದ್ದರ ಒಂದು ಲೆಕ್ಕ ಕೈಯಲ್ಲಿ ಇರ್ಬೇಕು. ನಾಲ್ಕು ಮಧ್ಯಮ ಬಂಗುಡೆಗೆ ನಾನು ಹಾಕುದು ಹೀಗೆ: ಬ್ಯಾಡಗಿ ಮೆಣಸು 10, ಖಾರದ ಗುಂಟೂರು 2, ಕೊತ್ತಂಬರಿ ಒಂದು ಚಮಚ, ಜೀರಿಗೆ ಅರ್ಧ ಚಮಚ, ಒಳ್ಳೆಮೆಣಸು (ಕಾಳುಮೆಣಸು) ಅರ್ಧ ಚಮಚ, ಬೆಳ್ಳುಳ್ಳಿ 8 ಎಸಳು, ಸಣ್ಣ ತುಂಡು ಶುಂಠಿ, ಅರಶಿನ, ಸಣ್ಣ ನೆಲ್ಲಿಕಾಯಿಯಷ್ಟು ಹುಳಿ, ಉಪ್ಪು. ಮೆಣಸು ಬಿಸಿ ನೀರಲ್ಲಿ ನೆನೆಸಿ ಆದಷ್ಟು ಕಮ್ಮಿ ನೀರಲ್ಲಿ ನುಣ್ಣಗೆ ಅರೆದು, ಎರಡು ಚಮಚ ತೆಂಗಿನೆಣ್ಣೆಯಲ್ಲಿ ಎಣ್ಣೆ ಬಿಡುವ ತನಕ ಬಾಡಿಸಿ, ತಣಿದ ಮೇಲೆ ಒಂದು ಚಮಚ ಅಕ್ಕಿ ಹಿಟ್ಟು ಸೇರಿಸಿ ಮೀನಿಗೆ ಹಚ್ಚುದು. ಓವನ್ 220 ಡಿಗ್ರಿಗೆ ಚೆನ್ನಾಗಿ ಕಾಯಿಸಿ, ಮಧ್ಯದ ಸ್ಟ್ಯಾಂಡಲ್ಲಿ ಟ್ರೇ ಇಟ್ಟು, ಎರಡೂ ರಾಡ್ ಆನ್, 14-15 ನಿಮಿಷ, ಕಡೆಗೆ ಎರಡು ಮೂರು ನಿಮಿಷ ಮೇಲಿನ ರಾಡ್ ಮಾತ್ರ.

ಸರಿ ಆದ ಮೀನಿನ ಗುರುತು: ಮಸಾಲೆ ಬೆರಳಿಗೆ ಅಂಟುದಿಲ್ಲ, ಅಲ್ಲಲ್ಲಿ ಕಂದು ಚುಕ್ಕೆ, ಟ್ರೇಯಲ್ಲಿ ಕೆಂಪು ಎಣ್ಣೆ ಸ್ವಲ್ಪ ಮಾತ್ರ. ಬೆನ್ನಿನ ದಪ್ಪ ಜಾಗದಲ್ಲಿ ಟೂತ್‌ಪಿಕ್ ಹಾಕಿ ಸ್ವಲ್ಪ ಎಬ್ಬಿಸಿದ್ರೆ ಮಾಂಸ ಪದರ ಪದರ ಬಿಚ್ಚಿ ನಡು ಮುಳ್ಳಿಂದ ಸಲೀಸಾಗಿ ಬಿಡ್ತದೆ. ಬಂಗುಡೆಯಲ್ಲಿ ಬದಿಯಲ್ಲಿ ಚರ್ಮದ ಕೆಳಗೆ ಒಂದು ಕಪ್ಪು ಕಂದು ಪಟ್ಟಿ ಇರ್ತದೆ, ಅದು ಬೆಂದ ಮೇಲೂ ಕಪ್ಪೇ, ಅದನ್ನು ನೋಡಿ ಹಸಿ ಉಂಟು ಅಂತ ವಾಪಸ್ ಒಳಗೆ ತುರುಕ್ಬೇಡಿ. ಹಸಿ ಇದ್ದದ್ದು ಗೊತ್ತಾಗುದು ನಡು ಮುಳ್ಳಿನ ಹತ್ರ, ಅಲ್ಲಿ ಗಾಜಿನ ಹಾಗೆ ಹೊಳೆಯುವ ಮಾಂಸ ಅಥವಾ ಕೆಂಪು ರಕ್ತ ಕಂಡ್ರೆ ಇನ್ನೂ ಆಗ್ಬೇಕು ಅಂತ. ಅಡುಗೆ ಥರ್ಮಾಮೀಟರ್ ಇದ್ದವರು ದಪ್ಪ ಜಾಗದಲ್ಲಿ 63 ಡಿಗ್ರಿ ನೋಡಿದ್ರೆ ಸಾಕು.

ಟ್ರೇಯಲ್ಲಿ ಎಂತ ಉಳಿದಿದೆ?

ಮೀನು ಹೊರಗೆ ತೆಗೆದ ಕೂಡ್ಲೆ ಟ್ರೇ ಸಿಂಕಿಗೆ ಹಾಕ್ಬೇಡಿ. ಎಲ್ಲಿ ತಪ್ಪಾಯ್ತು ಅಂತ ಅದ್ರಲ್ಲೇ ಕಾಣ್ತದೆ.

ತೆಳ್ಳಗಿನ ಬಿಳಿಚಿದ ನೀರು ತುಂಬಾ ಉಂಟು, ಮಸಾಲೆ ಮೀನಿನ ಮೇಲೆ ಹೆಚ್ಚುಕಮ್ಮಿ ಹಾಗೆಯೇ ಉಂಟು ಅಂತಾದ್ರೆ ನೀರು ಮೀನಿಂದೇ. ತೊಳೆದು ಒರೆಸಲಿಲ್ಲ, ಅಥವಾ ಐಸಲ್ಲಿ ತುಂಬಾ ದಿನ ಇದ್ದದ್ದು, ಅಥವಾ ಮನೆ ಫ್ರೀಜರಲ್ಲಿ ಇಟ್ಟದ್ದು. ಮನೆಯ ಫ್ರೀಜರ್ ನಿಧಾನ ಗಟ್ಟಿ ಮಾಡ್ತದೆ, ಆಗ ಮಾಂಸದ ಒಳಗೆ ಐಸಿನ ಹರಳು ದೊಡ್ಡದಾಗಿ ಬೆಳೆದು ಜೀವಕೋಶ ಒಡೀತದೆ, ಕರಗುವಾಗ ಆ ನೀರೆಲ್ಲ ಹೊರಗೆ. ಜೂನ್ 1 ರಿಂದ ಜುಲೈ 31 ರ ತನಕ ಟ್ರಾಲ್ ಬೋಟ್ ಕಡಲಿಗೆ ಇಳಿಯುದಿಲ್ಲ ಅಲ್ವಾ, ಆ 61 ದಿನ ಮಾರ್ಕೆಟಿಗೆ ಬರುದರಲ್ಲಿ ಹೊರ ರಾಜ್ಯದ ಐಸ್ ಮೀನೇ ಜಾಸ್ತಿ, ನಾಡದೋಣಿಯವರ ಮೀನು ಸಿಕ್ಕಿದ್ರೆ ಅದೃಷ್ಟ. ಹಾಗಾಗಿ ಮಳೆಗಾಲದಲ್ಲಿ ಮಾತ್ರ ನಿಮ್ಮ ಓವನ್ ಮೀನು ಕೆಡ್ತದೆ ಅಂತಾದ್ರೆ ಓವನ್ ರಿಪೇರಿಗೆ ಕೊಡುದು ಬೇಡ.

ಇದಕ್ಕೆ ಮದ್ದು ಉಪ್ಪು. ಕ್ಲೀನ್ ಮಾಡಿದ ಮೀನಿಗೆ ಎರಡೂ ಬದಿ ಗೀರು ಹಾಕಿ, ಒಂದು ಚಮಚ ಉಪ್ಪು ಸ್ವಲ್ಪ ಅರಶಿನ ಉಜ್ಜಿ, ತೂತಿನ ಪಾತ್ರೆಯಲ್ಲಿ ಓರೆಯಾಗಿ 15 ನಿಮಿಷ ಇಡಿ. ಕೆಳಗೆ ನೀರು ಇಳಿದದ್ದು ಕಾಣ್ತದೆ. ಮತ್ತೆ ಒಂದು ಸಲ ಬೇಗ ತೊಳೆದು ಹಳೆ ಹತ್ತಿ ಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸಿ, ಹೊಟ್ಟೆ ಒಳಗೂ, ಗೀರಿನ ಒಳಗೂ. ಒರೆಸಿದ ಬಟ್ಟೆ ಒದ್ದೆ ಆಗುದು ನಿಲ್ಲುವ ತನಕ ಮಸಾಲೆ ಮುಟ್ಟಲೇಬೇಡಿ. ಫ್ರೀಜರ್ ಮೀನಾದ್ರೆ ಹಿಂದಿನ ರಾತ್ರಿ ಫ್ರಿಜ್ಜಿನ ಒಳಗೆ ಕೆಳಗಿನ ಶೆಲ್ಫಲ್ಲಿ ಇಟ್ಟು ಕರಗಿಸುದು, ಅರ್ಜೆಂಟ್ ಇದ್ರೆ ಪ್ಲಾಸ್ಟಿಕ್ ಕವರಲ್ಲಿ ಗಾಳಿ ಹೋಗದ ಹಾಗೆ ಕಟ್ಟಿ ತಣ್ಣೀರಲ್ಲಿ ಮುಳುಗಿಸುದು. ಬಿಸಿ ನೀರು ಹಾಕುದು ಬೇಡ್ವೇ ಬೇಡ.

ಟ್ರೇಯಲ್ಲಿ ಕೆಂಪು ನೀರು, ಮೀನಿನ ಮೇಲೆ ಬೋಳು ಬೋಳು, ಮಸಾಲೆ ಜಾರಿ ಕೆಳಗೆ ಕೂತಿದೆ ಅಂತಾದ್ರೆ ಮಸಾಲೆಯಲ್ಲೇ ನೀರು ಜಾಸ್ತಿ. ಮಿಕ್ಸಿ ತಿರುಗುದಿಲ್ಲ ಅಂತ ಸ್ವಲ್ಪ ಸ್ವಲ್ಪ ಅಂತ ಹಾಕಿದ ನೀರು ಕಡೆಗೆ ಅರ್ಧ ಲೋಟ ಆಗಿರ್ತದೆ. ಮೆಣಸು ನೆನೆಸಿದ್ರೆ ನೀರು ಬೇಡ, ಅದೇ ಮೆತ್ತಗಾಗಿ ಅರೀತದೆ. ಸಣ್ಣ ಜಾರ್ ತೆಗೊಳ್ಳಿ, ಇನ್ನೂ ತಿರುಗದಿದ್ರೆ ಒಂದು ಚಮಚ ತೆಂಗಿನೆಣ್ಣೆ ಹಾಕಿ. ಪರೀಕ್ಷೆ ಹೀಗೆ: ಚಮಚದಲ್ಲಿ ಮಸಾಲೆ ತೆಗೆದು ತಲೆಕೆಳಗೆ ಮಾಡಿ, ಬಿದ್ರೆ ಇನ್ನೂ ನೀರು ಉಂಟು, ಹಿಡಿದು ನಿಂತ್ರೆ ಹಚ್ಚಿ. ನೀರುಳ್ಳಿ ಅರೆದು ಸೇರಿಸುವವರೂ ಇದ್ದಾರೆ, ರುಚಿ ಬರ್ತದೆ ಹೌದು ಆದ್ರೆ ನೀರುಳ್ಳಿ ಅಂದ್ರೆ ಹೆಚ್ಚಿನ ಪಾಲು ನೀರೇ, ಹಾಕ್ಲೇಬೇಕಾದ್ರೆ ಅರೆದದ್ದನ್ನು ಬಾಣಲೆಯಲ್ಲಿ ಪೂರ್ತಿ ಬಾಡಿಸಿ ಹಾಕಿ. ಅಕ್ಕಿ ಹಿಟ್ಟಿನ ಕೆಲ್ಸವೂ ಇಲ್ಲೇ, ಅದು ಉಳಿದ ತೇವ ಹೀರಿ ಮಸಾಲೆಯನ್ನು ಚರ್ಮಕ್ಕೆ ಹಿಡಿಸ್ತದೆ. ರವೆ ಓವನಲ್ಲಿ ನನಗೆ ಸರಿ ಕಾಣುದಿಲ್ಲ, ಎಣ್ಣೆ ಸಾಕಾಗದೆ ಹಲ್ಲಿಗೆ ಮರಳು ಸಿಕ್ಕಿದ ಹಾಗೆ ಆಗ್ತದೆ.

ಎರಡೂ ಸರಿ ಇದ್ದು ಟ್ರೇ ಮಾತ್ರ ಕೆರೆ ಆಗಿದ್ರೆ ಟ್ರೇಯಲ್ಲಿ ಮೀನು ಎಷ್ಟಿತ್ತು ನೋಡಿ. 19 ಲೀಟರ್ ಓಟಿಜಿಗೆ ಆರು ಬಂಗುಡೆ ಮೈಗೆ ಮೈ ತಾಗಿಸಿ ಮಲಗಿಸಿದ್ರೆ ಒಂದರ ಆವಿಯಲ್ಲಿ ಇನ್ನೊಂದು ಬೇಯ್ತದೆ. ನಡುವೆ ಎರಡು ಬೆರಳು ಜಾಗ ಬಿಡಿ. ನೆಂಟರು ಬಂದ್ರೆ ಎರಡು ಸಲ ಮಾಡಿ, ಎಂತ ಗಡಿಬಿಡಿ. ಎತ್ತರ ಬದಿಯ ಕೇಕ್ ಟಿನ್ ಬೇಡ, ಬದಿ ಗಿಡ್ಡ ಇರುವ ಟ್ರೇ ಆದ್ರೆ ಆವಿ ಸುಲಭದಲ್ಲಿ ಹೋಗ್ತದೆ, ಟ್ರೇ ಮೇಲೆ ಸಣ್ಣ ಜಾಲರಿ ಇಟ್ಟು ಅದ್ರ ಮೇಲೆ ಮೀನು ಇಟ್ರೆ ಇನ್ನೂ ಒಳ್ಳೇದು.

ಮೀನಿನ ಬದಿಯಿಂದ ಬಿಳಿ ಮೊಸರಿನಂತದ್ದು ಉಕ್ಕಿ ಬಂದು ಗಟ್ಟಿಯಾಗಿದೆಯಾ? ಹೆದರ್ಬೇಡಿ, ಅದು ಮೀನಿನದ್ದೇ ಪ್ರೋಟೀನ್, ಹೆಚ್ಚು ಬಿಸಿಗೆ ಮಾಂಸ ಮುರುಟಿ ಹಿಂಡಿದಾಗ ಹೊರಗೆ ಬರುದು. ಅಂಜಲ್ (ಕಿಂಗ್ ಫಿಶ್) ಪೀಸಲ್ಲಿ ಚೆನ್ನಾಗಿ ಕಾಣ್ತದೆ. ತಿನ್ನಬಹುದು, ಆದ್ರೆ ಅಷ್ಟು ಬಂದಿದೆ ಅಂದ್ರೆ ಟೈಮ್ ಜಾಸ್ತಿ ಆಯ್ತು ಅಂತ.

ಮಸಾಲೆ ಹಸಿ ಹಸಿ

ಇದು ಎಲ್ಲಕ್ಕಿಂತ ಜಾಸ್ತಿ ಕೇಳುವ ದೂರು, ಮತ್ತೆ ಇದಕ್ಕೆ ಜನ ಮಾಡುವ ಉಪಾಯ ಎಲ್ಲಕ್ಕಿಂತ ಕೆಟ್ಟದ್ದು: ಇನ್ನೂ ಹತ್ತು ನಿಮಿಷ ಇಡುದು. ಮಸಾಲೆ ಆಗುವಷ್ಟರಲ್ಲಿ ಮೀನು ಒಣಗಿ ಹಗ್ಗ ಆಗ್ತದೆ. ಬಂಗುಡೆಗೆ ಬೇಕಾದದ್ದು 15 ನಿಮಿಷ, ಹಸಿ ಬೆಳ್ಳುಳ್ಳಿ ಕೊತ್ತಂಬರಿ ವಾಸನೆ ಗಾಳಿಯ ಬಿಸಿಗೆ ಹೋಗ್ಲಿಕ್ಕೆ ಅದ್ರ ದುಪ್ಪಟ್ಟು ಬೇಕು, ಇಬ್ಬರನ್ನೂ ಒಂದೇ ಬಸ್ಸಿಗೆ ಹತ್ತಿಸ್ಲಿಕ್ಕೆ ಆಗುದಿಲ್ಲ. ಆದ್ರಿಂದ ಮಸಾಲೆಯನ್ನು ಮೊದ್ಲೇ ಮುಗಿಸಿಬಿಡಿ.

ಬಾಣಲೆಯಲ್ಲಿ ಎರಡು ಚಮಚ ತೆಂಗಿನೆಣ್ಣೆ, ಸಣ್ಣ ಉರಿ, ಅರೆದ ಮಸಾಲೆ ಹಾಕಿ ಕೈ ಬಿಡದೆ ತಿರುಗಿಸಿ. ಮೊದ್ಲು ಬುಳುಬುಳು ಅಂತದೆ, ಅದು ನೀರು ಹೋಗುವ ಸದ್ದು. ಮೂರು ನಾಲ್ಕು ನಿಮಿಷಕ್ಕೆ ಆ ಸದ್ದು ಸಣ್ಣದಾಗಿ ಕೆಂಪು ಇನ್ನೊಂದು ಶೇಡ್ ಗಾಢ ಆಗ್ತದೆ, ಮಸಾಲೆ ಬಾಣಲೆ ಬಿಟ್ಟು ಉಂಡೆ ಕಟ್ಲಿಕ್ಕೆ ನೋಡ್ತದೆ, ಬದಿಯಲ್ಲಿ ಎಣ್ಣೆ ಕಾಣ್ತದೆ. ಮೂಗು ಹತ್ರ ತಂದ್ರೆ ಬೆಳ್ಳುಳ್ಳಿ ಚುಚ್ಚುದಿಲ್ಲ, ಘಮ ಅಂತದೆ. ಅಲ್ಲಿಗೆ ಆಫ್. ಇನ್ನೂ ಬಿಟ್ರೆ ಓವನ್ ಒಳಗೆ ಕರಟ್ತದೆ. ಪೂರ್ತಿ ತಣಿಸಿ ಹಚ್ಚಿ, ಬಿಸಿ ಮಸಾಲೆ ಹಚ್ಚಿದ್ರೆ ಮೀನಿನ ಮೇಲ್ಮೈ ಅರ್ಧ ಬೆಂದು ಅಲ್ಲೇ ನೀರು ಬಿಡ್ತದೆ, ಮಾಡಿದ ಕೆಲ್ಸ ಎಲ್ಲ ಹೊಳೆಗೆ. ಈ ಮಸಾಲೆ ಡಬ್ಬದಲ್ಲಿ ಹಾಕಿ ಫ್ರಿಜ್ಜಲ್ಲಿಟ್ರೆ ಮೂರು ನಾಲ್ಕು ದಿನ ಬರ್ತದೆ, ಭಾನುವಾರ ಮಾಡಿಟ್ಟವರಿಗೆ ಬುಧವಾರ ಮೀನು ಊಟ ಅರ್ಧ ಗಂಟೆ ಕೆಲ್ಸ.

ಪುಡಿ ಮೆಣಸು ಮೊಸರಿಗೆ ಕಲಸಿ ಹಚ್ಚುವವರಿಗೆ ಹಸಿ ವಾಸನೆ ಇನ್ನೂ ಜಾಸ್ತಿ, ಯಾಕಂದ್ರೆ ಮೊಸರಲ್ಲೂ ನೀರೇ. ಮೊಸರು ಬೇಕೇ ಬೇಕು ಅಂದ್ರೆ ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿ.

ಮೇಲೆ ಕರಟಿದೆ, ಒಳಗೆ ಹಸಿ

ಮೇಲಿನ ಸ್ಟ್ಯಾಂಡಲ್ಲಿ ಇಟ್ಟಿದ್ದೀರಿ ಅಥವಾ ಮೀನು ತುಂಬಾ ದಪ್ಪ. ದಪ್ಪದ ಲೆಕ್ಕ ಸುಲಭ: ಅತಿ ದಪ್ಪ ಜಾಗ ಒಂದು ಇಂಚು ಇದ್ರೆ 220 ಡಿಗ್ರಿ ಹತ್ರದ ಬಿಸಿಗೆ ಸುಮಾರು 10 ನಿಮಿಷ, ಇಡೀ ಮೀನು ಮಸಾಲೆ ಸಮೇತ ಆದ್ರೆ ಮೂರು ನಾಲ್ಕು ನಿಮಿಷ ಸೇರಿಸಿ. ಮೀನಿನ ತೂಕ ಕೇಳ್ಬೇಡಿ, ದಪ್ಪ ಕೇಳಿ. ಅರ್ಧ ಕೆಜಿ ಮಾಂಜಿ (ಪಾಂಫ್ರೆಟ್) ಚಪ್ಪಟೆ, ಬೇಗ ಆಗ್ತದೆ, ಅದೇ ತೂಕದ ಮುರು ಮೀನು ಗುಂಡಗೆ, ಅದಕ್ಕೆ ಬಿಸಿ 190ಕ್ಕೆ ಇಳಿಸಿ ಟೈಮ್ ಹೆಚ್ಚು ಮಾಡ್ಬೇಕು, ಮೊದ್ಲ ಮುಕ್ಕಾಲು ಹೊತ್ತು ಮೇಲೆ ಬಾಳೆಲೆ ಮುಚ್ಚಿ ಕಡೆಗೆ ತೆಗೀಬೇಕು. ಗೀರು ಮುಳ್ಳು ತಾಗುವಷ್ಟು ಆಳ ಹಾಕಿ, ಚರ್ಮ ಮಾತ್ರ ಗೀಚಿದ್ರೆ ಎಂತದೂ ಪ್ರಯೋಜನ ಇಲ್ಲ. ಹುಳಿ ಮತ್ತೆ ಬೆಲ್ಲ ಎರಡೂ ಹಾಕುವವರು ಬೆಲ್ಲ ಬಿಡಿ, ಸಿಹಿ ಅಂಶ ಬೇಗ ಕರಿಯಾಗ್ತದೆ. ಮೇಲೆ ಚೆಂದಕ್ಕೆ ಉದುರಿಸಿದ ಕರಿಬೇವಿನೆಲೆಯೂ ಹಾಗೇ, ಮೀನಿನ ಕೆಳಗೆ ಇಡಿ.

ಫ್ರಿಜ್ಜಿಂದ ತೆಗೆದ ಮೀನು ನೇರ ಒಳಗೆ ಹೋದ್ರೂ ಇದೇ ಕಥೆ, ಮಸಾಲೆ ಹಚ್ಚಿ ಓವನ್ ಕಾಯುವಷ್ಟು ಹೊತ್ತು ಹೊರಗಿರಲಿ ಸಾಕು, ನಮ್ಮ ಸೆಕೆಗೆ ಅದಕ್ಕಿಂತ ಜಾಸ್ತಿ ಬೇಡ. ಗಾಜಿನ ಟ್ರೇ ಫ್ರಿಜ್ಜಿಂದ ಸೀದಾ ಬಿಸಿ ಓವನಿಗೆ ಇಟ್ರೆ ಒಡೆದು ಹೋಗ್ಬಹುದು, ಆಗ ಮೀನೂ ಇಲ್ಲ ಟ್ರೇಯೂ ಇಲ್ಲ.

ಕಹಿ

ಕಹಿ ಎಲ್ಲಿ ಉಂಟು ಅಂತ ಮೊದ್ಲು ತಿಂದು ನೋಡಿ, ಜಾಗ ಗೊತ್ತಾದ್ರೆ ಕಾರಣ ಗೊತ್ತಾಯ್ತು. ಮೇಲಿನ ಮಸಾಲೆ ಮಾತ್ರ ಕಹಿ, ಮಾಂಸ ಸರಿ ಇದೆ ಅಂದ್ರೆ ಮೆಣಸೋ ಬೆಳ್ಳುಳ್ಳಿಯೋ ಸುಟ್ಟಿದೆ, ಓವನಲ್ಲೇ ಆಗ್ಬೇಕು ಅಂತಿಲ್ಲ, ಮೆಣಸು ಹುರಿಯುವಾಗ ಒಂದೆರಡು ಕಪ್ಪಾದ್ರೂ ಸಾಕು ಇಡೀ ಅರೆದ ಮಸಾಲೆ ಕಹಿ ಆಗ್ಲಿಕ್ಕೆ.

ಹೊಟ್ಟೆಯ ಹತ್ರ ಮಾತ್ರ ಕಹಿ, ಬಾಲದ ಕಡೆ ಏನೂ ಇಲ್ಲ? ಅದು ಪಿತ್ತ. ಕ್ಲೀನ್ ಮಾಡುವಾಗ ಪಿತ್ತದ ಚೀಲ ಒಡೆದಿದೆ, ಹಸುರು ಹಳದಿ ಕಲೆ ಕಾಣ್ತದೆ. ಬೇಯಿಸುವ ಮೊದ್ಲೇ ಕಂಡ್ರೆ ಆ ಜಾಗ ಕೊಯ್ದು ತೆಗೆದು ಉಪ್ಪು ಹುಳಿ ಹಾಕಿ ಉಜ್ಜಿ ತೊಳೀರಿ. ಮಾರ್ಕೆಟಲ್ಲಿ ಕ್ಲೀನ್ ಮಾಡಿಸಿ ತಂದ್ರೂ ಮನೆಯಲ್ಲಿ ಹೊಟ್ಟೆ ಬಿಡಿಸಿ ಒಮ್ಮೆ ನೋಡುದು ಒಳ್ಳೇದು, ಸಂಜೆ ರಶ್ಶಲ್ಲಿ ಅವರ ಕತ್ತಿ ಓಡುವ ಸ್ಪೀಡಿಗೆ ಒಂದೊಂದು ಆಗುದೇ. ಬಂಗುಡೆ ಬೂತಾಯಿ (ಸಾರ್ಡಿನ್) ಹೊಟ್ಟೆ ಒಳಗಿನ ಕಪ್ಪು ಪೊರೆ, ನಡು ಮುಳ್ಳಿಗೆ ತಾಗಿದ ರಕ್ತದ ಗೆರೆ, ಎರಡನ್ನೂ ಹೆಬ್ಬೆರಳ ಉಗುರಿಂದ ಕೆರೆದು ತೆಗೀರಿ, ನಾತ ಮತ್ತೆ ಕಹಿ ಎರಡೂ ಕಮ್ಮಿ ಆಗ್ತದೆ.

ಮೂರನೇದು ಕಹಿ ಅಲ್ಲ, ಕಬ್ಬಿಣ ನೆಕ್ಕಿದ ಹಾಗೆ ಒಂದು ರುಚಿ, ಮೀನು ತಾಗಿದ ಕಡೆ ಫಾಯಿಲಲ್ಲಿ ಸೂಜಿ ತೂತು. ಹುಳಿ ಮತ್ತೆ ಉಪ್ಪು ಸೇರಿ ಅಲ್ಯೂಮಿನಿಯಂ ತಿಂದದ್ದು. ಟೊಮೆಟೊ, ವಿನೆಗರ್, ನಿಂಬೆ ಎಲ್ಲ ಇದೇ ಕೆಲ್ಸ ಮಾಡ್ತದೆ. ಫಾಯಿಲ್ ಮತ್ತೆ ಮೀನಿನ ನಡುವೆ ಬಾಳೆಲೆ ಹಾಸಿ ಮುಗೀತು. ಫಾಯಿಲಿನ ಹೊಳೆಯುವ ಬದಿ ಒಳಗೋ ಹೊರಗೋ ಅಂತ ತಲೆ ಕೆಡಿಸ್ಬೇಡಿ, ವ್ಯತ್ಯಾಸ ಇಲ್ಲ.

ಅಂಟಿಕೊಂಡು ಚರ್ಮ ಕಿತ್ತು ಬರುದು

ತಣ್ಣಗಿನ ಟ್ರೇ ಮೇಲೆ ಒದ್ದೆ ಮೀನು ಇಟ್ರೆ ಅಂಟುದೇ. ಟ್ರೇಯನ್ನು ಓವನ್ ಜೊತೆಯೇ ಕಾಯಿಸಿ, ಎಣ್ಣೆ ಸವರಿ ಇಡಿ. ಅಥವಾ ಬಾಳೆಲೆ, ಅದನ್ನು ಮೊದ್ಲು ಗ್ಯಾಸಿನ ಬೆಂಕಿ ಮೇಲೆ ಆಡಿಸಿ ಬಾಡಿಸಿದ್ರೆ ಹರಿಯುದಿಲ್ಲ. ಪೂರ್ತಿ ಎಲೆಯಲ್ಲಿ ಸುತ್ತಿದ್ರೆ ಮಾತ್ರ ಪುನಃ ಆವಿಯ ಸಮಸ್ಯೆ, ಕಡೇ ಐದು ನಿಮಿಷ ಮೇಲೆ ಬಿಡಿಸಿ. ಮೇಣದ ಕಾಗದ ಓವನಿಗೆ ಬೇಡ, ಹೊಗೆ ಬರ್ತದೆ, ಬೇಕಿಂಗ್ ಪೇಪರ್ ಅಂತಲೇ ಕೇಳಿ ತೆಗೊಳ್ಳಿ ಮತ್ತೆ ಅದು ಎಷ್ಟು ಡಿಗ್ರಿ ತಡೀತದೆ ಅಂತ ಡಬ್ಬದ ಮೇಲೆ ನೋಡಿ. ಓವನಲ್ಲಿ ಮೀನು ಮಗುಚುದು ಬೇಡ. ಒಡೆಯುದೊಂದೇ ಲಾಭ.

ಒಣಕಲು ಆಯ್ತು, ಅಥವಾ ಹಿಟ್ಟಿನ ಹಾಗೆ ಮೆತ್ತಗಾಯ್ತು

ಒಣಗಿದ್ದಕ್ಕೆ ಕಾರಣ ಟೈಮ್, ಇಲ್ಲಾಂದ್ರೆ ಮೀನಿನ ಜಾತಿ. ಮಳೆಗಾಲ ಕಳೆದ ಮೇಲೆ ಬರುವ ಬೂತಾಯಿ ಬಂಗುಡೆಯಲ್ಲಿ ಕೊಬ್ಬು ಚೆನ್ನಾಗಿರ್ತದೆ, ಎರಡು ನಿಮಿಷ ಆಚೀಚೆ ಆದ್ರೂ ತಡ್ಕೊಳ್ತದೆ. ಅಂಜಲ್ ತೆಳು ಪೀಸು, ಕಾಣೆ ಮೀನು (ಲೇಡಿ ಫಿಶ್), ಇವಕ್ಕೆಲ್ಲ ತಾಳ್ಮೆ ಇಲ್ಲ. ಅಂಜಲ್ ಮುಕ್ಕಾಲು ಇಂಚಿಗಿಂತ ತೆಳ್ಳಗೆ ಕಟ್ ಮಾಡಿಸ್ಬೇಡಿ, ತವಾ ಫ್ರೈಗೆ ಅಂತ ಹೇಳಿದ್ರೆ ಅವರು ತೆಳ್ಳಗೆ ಕೊಡ್ತಾರೆ. "ಅಕ್ಕ, ಓವನಿಗೆ, ಸ್ವಲ್ಪ ದಪ್ಪ ಇರ್ಲಿ" ಅಂದ್ರೆ ಓವನಿಗಾ ಅಂತ ಒಮ್ಮೆ ಮುಖ ನೋಡಿ ಕೊಡ್ತಾರೆ. ಕಾಣೆಯನ್ನು ನಾನಂತೂ ಓವನಿಗೆ ಹಾಕುದಿಲ್ಲ, ಅದು ತವಾಕ್ಕೇ ಹುಟ್ಟಿದ ಮೀನು.

ಹೊರಗೆ ತೆಗೆದ ಮೇಲೂ ಒಳಗಿನ ಬಿಸಿ ಕೆಲ್ಸ ಮಾಡ್ತಾ ಇರ್ತದೆ, ಆದ್ರಿಂದ ಮುಳ್ಳಿನ ಹತ್ರ ಕೂದಲೆಳೆ ಹಸಿ ಇರುವಾಗಲೇ ತೆಗೆದು ಐದು ನಿಮಿಷ ಬಿಡಿ, ಬಡಿಸುವ ಮೊದ್ಲು ಟೂತ್‌ಪಿಕ್ ಹಾಕಿ ಇನ್ನೊಮ್ಮೆ ನೋಡಿ.

ಮೆತ್ತಗಾಗುದು ಬೇರೆ ರೋಗ. ನಿಂಬೆಹುಳಿ ವಿನೆಗರ್ ಹಾಕಿ ಬೆಳಿಗ್ಗೆ ಹಚ್ಚಿಟ್ಟು ರಾತ್ರಿ ಬೇಕ್ ಮಾಡಿದ್ರೆ ಹುಳಿಯೇ ಮೀನನ್ನು ಅರ್ಧ ಬೇಯಿಸಿ ಮೇಲ್ಮೈ ಸುಣ್ಣದ ಹಾಗೆ ಮಾಡ್ತದೆ. ಕೋಳಿಗೆ ಮಾಡಿದ ಹಾಗೆ ಮೀನಿಗೆ ರಾತ್ರಿ ಇಡೀ ಮ್ಯಾರಿನೇಟ್ ಬೇಡ, ಅರ್ಧ ಗಂಟೆ ಸಾಕು. ಹುಳಿ ತಾಗಿಸದೆಯೂ ಮೆತ್ತಗಾದ್ರೆ ಮೀನು ಹಳತು. ಇದನ್ನು ಹಸಿ ಇರುವಾಗಲೇ ನೋಡ್ಬೇಕು: ಬೆರಳಲ್ಲಿ ಒತ್ತಿದ್ರೆ ಕುಳಿ ಹಾಗೇ ಉಳಿಯುದು, ಕಣ್ಣು ಒಳಗೆ ಹೋದದ್ದು, ಕಿವಿರು ಕೆಂಪು ಬಿಟ್ಟು ಕಂದಾದದ್ದು. ಆ ಮೀನಿಗೆ ಯಾವ ಓವನೂ ಮದ್ದಲ್ಲ.

ಖಾರ, ಉಪ್ಪು

ಬ್ಯಾಡಗಿ ಕೊಡುದು ಬಣ್ಣ, ಖಾರ ಕಮ್ಮಿ. 2011ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿಗೆ ಸಿಗುವ ಮಾನ್ಯತೆ) ಸಿಕ್ಕಿದ್ದು ಸುಮ್ಮನೆ ಅಲ್ಲ, ಆ ಕೆಂಪು ಬೇರೆ ಮೆಣಸಲ್ಲಿ ಬರುದಿಲ್ಲ. ಬಣ್ಣ ಬರ್ಲಿಲ್ಲ ಅಂತ ಗುಂಟೂರು ಏರಿಸಿದ್ರೆ ಕಣ್ಣಲ್ಲಿ ನೀರು ಮಾತ್ರ ಬರ್ತದೆ. ಆಗಿಹೋದ ಖಾರಕ್ಕೆ ನೀರು ಕುಡಿದು ಉಪಯೋಗ ಇಲ್ಲ, ಖಾರದ ಅಂಶ ಕರಗುದು ಕೊಬ್ಬಲ್ಲಿ, ದಪ್ಪ ತೆಂಗಿನ ಹಾಲು ಮೇಲೆ ಎರಡು ಚಮಚ ಹಾಕಿ ಅಥವಾ ಮೊಸರಲ್ಲಿ ನೀರುಳ್ಳಿ ಹೆಚ್ಚಿ ಹಾಕಿ ಬದಿಗೆ ಇಡಿ. ಉಪ್ಪು ಜಾಸ್ತಿ ಆಗುದು ಪ್ಯಾಕೆಟ್ ಮಸಾಲೆಯಿಂದ, ಹೆಚ್ಚಿನದರಲ್ಲಿ ಉಪ್ಪು ಮೊದ್ಲೇ ಇರ್ತದೆ, ಹಿಂದೆ ಓದಿ.

ಮೆಣಸಿಲ್ಲದ ಕಡೆಯೂ ನಾಲಿಗೆ ಚುರುಚುರು ಅಂದ್ರೆ ನಿಲ್ಲಿಸಿ

ಇದೊಂದು ಅಡುಗೆಯ ದೋಷ ಅಲ್ಲ. ಮಸಾಲೆ ತಾಗದ ಒಳಗಿನ ಮಾಂಸ ತಿಂದ್ರೂ ತುಟಿ ನಾಲಿಗೆ ಒಳ್ಳೆಮೆಣಸು ತಾಗಿದ ಹಾಗೆ ಉರಿದ್ರೆ ಉಗುಳಿ, ಇಡೀ ಟ್ರೇ ಬಿಸಾಡಿ. ಬಂಗುಡೆ, ಬೂತಾಯಿ, ಕೇದರ್ (ಟ್ಯೂನಾ) ಇಂತ ಮೀನು ಐಸ್ ಇಲ್ಲದೆ ಬಿಸಿಲಲ್ಲಿ ಇದ್ರೆ ಬ್ಯಾಕ್ಟೀರಿಯಾ ಅದ್ರಲ್ಲಿ ಹಿಸ್ಟಮಿನ್ ಮಾಡ್ತದೆ. ಅದು ಒಮ್ಮೆ ಆದ್ರೆ ಬೇಯಿಸಿದ್ರೂ ಹೋಗುದಿಲ್ಲ, ಫ್ರೀಜ್ ಮಾಡಿದ್ರೂ ಹೋಗುದಿಲ್ಲ, ವಾಸನೆ ಕೂಡ ಬರ್ಬೇಕು ಅಂತಿಲ್ಲ. ಸ್ವಲ್ಪ ಹೊತ್ತಲ್ಲಿ ಮುಖ ಕೆಂಪು, ತಲೆನೋವು, ಮೈ ತುರಿಕೆ, ಭೇದಿ ಬರ್ಬಹುದು, ಉಸಿರಾಟಕ್ಕೆ ತೊಂದರೆ ಆದ್ರೆ ಸೀದಾ ಆಸ್ಪತ್ರೆ. ಖಾರದ ಮಸಾಲೆ ಹಚ್ಚಿದ ಮೀನಲ್ಲಿ ಇದನ್ನು ಮೆಣಸಿನ ಖಾರ ಅಂತಲೇ ಎಣಿಸಿ ತಿನ್ನುತ್ತಾ ಹೋಗುದು ಸುಲಭ, ಅದಕ್ಕೇ ಇಷ್ಟು ಹೇಳಿದ್ದು. ಮೀನು ತಂದು ಸ್ಕೂಟರ್ ಡಿಕ್ಕಿಯಲ್ಲಿ ಇಟ್ಟು ಇನ್ನೂ ನಾಲ್ಕು ಅಂಗಡಿ ತಿರುಗುವ ಅಭ್ಯಾಸ ಇದ್ರೆ ಬಿಡಿ, ಮೀನು ಕಡೆಗೆ ತೆಗೊಳ್ಳಿ.

ಓವನೇ ಹಾಳಾಗಿದೆಯಾ

ಎಲ್ಲ ನೋಡಿ ಆದ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ಲೈಟ್ ಆಫ್ ಆದ ಕೂಡ್ಲೆ ಪ್ರೀಹೀಟ್ ಆಯ್ತು ಅಂತ ಅಲ್ಲ, ಗಾಳಿ ಕಾದಿದೆ ಅಷ್ಟೇ, ಗೋಡೆ ಟ್ರೇ ಎಲ್ಲ ಕಾಯ್ಲಿಕ್ಕೆ ಇನ್ನೂ ಐದಾರು ನಿಮಿಷ ಬಿಡಿ, ಇಲ್ಲಾಂದ್ರೆ ಬಾಗಿಲು ತೆಗೆದ ಕೂಡ್ಲೆ ಬಿಸಿ ಎಲ್ಲ ಹೊರಗೆ. ನಡು ನಡುವೆ ತೆಗೆದು ಇಣುಕುದೂ ಬೇಡ, ಗಾಜಲ್ಲೇ ನೋಡಿ.

ಸಂಜೆ ವೋಲ್ಟೇಜ್ ಇಳಿಯುವ ಕಡೆ ಇನ್ನೊಂದು ಸಂಗತಿ ಉಂಟು. ರಾಡಿನ ಬಿಸಿ ವೋಲ್ಟೇಜಿನ ವರ್ಗಕ್ಕೆ (ಸ್ಕ್ವೇರ್) ತಕ್ಕ ಹಾಗೆ ಇಳೀತದೆ, 230 ಇರ್ಬೇಕಾದಲ್ಲಿ 190 ಬಂದ್ರೆ ರಾಡ್ ಕೊಡುದು ಸುಮಾರು ಮೂರರಲ್ಲಿ ಎರಡು ಪಾಲು ಬಿಸಿ ಮಾತ್ರ. ಥರ್ಮೋಸ್ಟಾಟ್ ಕಡೆಗೆ 220ಕ್ಕೆ ಮುಟ್ಟಿಸ್ತದೆ, ಆದ್ರೆ ಪ್ರೀಹೀಟ್ ನಿಧಾನ, ಬಾಗಿಲು ತೆಗೆದ ಮೇಲೆ ಪುನಃ ಏರುದು ನಿಧಾನ, ಆ ಹೊತ್ತಲ್ಲಿ ಮೀನು ನೀರು ಬಿಡ್ತದೆ. ಭಾನುವಾರ ಮಧ್ಯಾಹ್ನ ಸರಿ ಬರುದು ಸಂಜೆ ಕೆಡುದು ಇದ್ರಿಂದಲೇ ಇರ್ಬಹುದು.

ಒಂದು ಬದಿಯ ಮೀನು ಕಪ್ಪು ಇನ್ನೊಂದು ಬದಿ ಬಿಳಿ ಆದ್ರೆ ಬ್ರೆಡ್ ಪರೀಕ್ಷೆ ಮಾಡಿ: ಜಾಲರಿ ತುಂಬಾ ಬ್ರೆಡ್ ಸ್ಲೈಸ್ ಜೋಡಿಸಿ 180 ಡಿಗ್ರಿಗೆ ಎಂಟು ಹತ್ತು ನಿಮಿಷ ಇಟ್ರೆ ಯಾವ ಮೂಲೆ ಬಿಸಿ ಯಾವ ಮೂಲೆ ತಣ್ಣಗೆ ಅಂತ ಬಣ್ಣದಲ್ಲೇ ಕಾಣ್ತದೆ. ಮತ್ತೆ ಅರ್ಧ ಹೊತ್ತಿಗೆ ಟ್ರೇ ತಿರುಗಿಸಿದ್ರಾಯ್ತು. ಒಂದು ರಾಡ್ ಕೆಂಪಾಗುದೇ ಇಲ್ಲ ಅಂತಾದ್ರೆ ಮೊದ್ಲು ನಾಬ್ ಯಾವುದ್ರಲ್ಲಿ ಉಂಟು ನೋಡಿ, ಗ್ರಿಲ್ಲಿಗೆ ತಿರುಗಿಸಿ ಮರೆತದ್ದೇ ಇರ್ತದೆ ಹೆಚ್ಚಾಗಿ. ಮೈಕ್ರೋವೇವ್ ಓವನ್ ಇದ್ದವರು ಕನ್ವೆಕ್ಷನ್ ಮೋಡಲ್ಲೇ ಮಾಡಿ, ಫ್ಯಾನ್ ಇರುದ್ರಿಂದ 20 ಡಿಗ್ರಿ ಕಮ್ಮಿ ಇಡಿ. ಬರೀ ಮೈಕ್ರೋದಲ್ಲಿ ಇಟ್ರೆ ಬೆಂದ ಮೀನು ಸಿಗ್ತದೆ, ಬೇಕ್ ಆದದ್ದು ಅಲ್ಲ.

ಮರುದಿನದ ನಾತ

ಉಳಿದ ಮೀನು ಬೆಳಿಗ್ಗೆ ಮೈಕ್ರೋವೇವಲ್ಲಿ ಬಿಸಿ ಮಾಡಿದ್ರೆ ಅಡುಗೆ ಮನೆ ಇಡೀ ವಾಸನೆ, ಮೀನೂ ರಬ್ಬರ್. ಕೊಬ್ಬಿನ ಮೀನಲ್ಲಿ ಇದು ಜಾಸ್ತಿ, ಕೊಬ್ಬು ಗಾಳಿ ತಾಗಿ ಕೆಟ್ಟ ವಾಸನೆ ಬರ್ಲಿಕ್ಕೆ ಶುರು ಮಾಡಿರ್ತದೆ, ಬಿಸಿ ಮಾಡಿದ್ರೆ ಎದ್ದು ಬರ್ತದೆ. ರಾತ್ರಿಯೇ ತಣಿದ ಕೂಡ್ಲೆ ಮುಚ್ಚಿ ಫ್ರಿಜ್ಜಿಗೆ ಇಡಿ, ಬೆಳಿಗ್ಗೆ ಮುಳ್ಳು ಬಿಡಿಸಿ ಪುಡಿ ಮಾಡಿ, ತೆಂಗಿನೆಣ್ಣೆಯಲ್ಲಿ ನೀರುಳ್ಳಿ ಕರಿಬೇವಿನೆಲೆ ಬಾಡಿಸಿ ಅದಕ್ಕೆ ಹಾಕಿ ತೆಂಗಿನ ತುರಿ ಸೇರಿಸಿ ಎರಡು ನಿಮಿಷ ಹುರೀರಿ, ಗಂಜಿಗೂ ಆಗ್ತದೆ ನೀರ್ ದೋಸೆಗೂ ಆಗ್ತದೆ. ಹೊಸದಾಗಿ ಉಪ್ಪು ಹಾಕ್ಬೇಡಿ, ಮೀನಲ್ಲೇ ಉಂಟು.